ಖಾರ ಶೇಂಗಾದ ಘಾಟು

ಪಾಲಾಕ್ಷಪ್ಪನ ಪ್ರಕಾರ ಅವನ ಹೆಂಡತಿ ಮಂಜಮ್ಮನಿಗೆ ಇದ್ದ ಒಂದೇ ಒಂದು ರೋಗವೆಂದರೆ ಧಾರಾಳತನ. ಅವಳು ಶೇಂಗಾ ಹುರಿದು ಖಾರ ಹಚ್ಚಿದಳೆಂದರೆ ಮೊದಲ ಬಟ್ಟಲು ಪಕ್ಕದ ಮನೆಯ ಭರಮಮ್ಮನಿಗೆ ಹೋಗಬೇಕು, ಆಮೇಲೆ ಎದುರುಮನೆಯ ಗುರುಮೂರ್ತಿ ಮೇಷ್ಟ್ರಿಗೆ, ಆಮೇಲೆ ಮೂಲೆಮನೆಯ ಮಾರೆಮ್ಮನಿಗೆ. ಓಣಿಯೆಲ್ಲ ತಿಂದು ಬಾಯಿ ಒರೆಸಿಕೊಂಡ ಮೇಲೆ ಕಟ್ಟಿಕೊಂಡ ಗಂಡನ ಪಾಲಿಗೆ ಬರುತ್ತಿದ್ದದ್ದು ಬೋಗುಣಿಯ ತಳದಲ್ಲಿ ಉಳಿದ ಕರಿಬೇವಿನ ಎಲೆ, ಸೀದ ಬೆಳ್ಳುಳ್ಳಿ ಮತ್ತು ಒಂದಿಷ್ಟು ಖಾರದ ಪುಡಿ. ಅದನ್ನೂ ಅವನು ಬೆರಳು ಒದ್ದೆ ಮಾಡಿಕೊಂಡು ಬಿಡದೆ ನೆಕ್ಕುತ್ತಿದ್ದನೆಂಬುದು ಬೇರೆ ಮಾತು.

ಅವನೇನು ಶೇಂಗಾ ಕಾಣದವನಲ್ಲ. ಕೂಡ್ಲಿಗಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಸುಗ್ಗಿಯಲ್ಲಿ ರೈತರು ಶೇಂಗಾ ತಂದು ರಾಶಿ ಹಾಕಿದರೆ ಇವನು ಒಂದೊಂದು ರಾಶಿಗೂ ಕೈ ಹಾಕಿ, ಎಣ್ಣೆಯ ಅಂಶ ನೋಡಬೇಕು ಅಂತ ಎರಡು ಕಾಯಿ ಒಡೆದು ಬಾಯಿಗೆ ಎಸೆದುಕೊಂಡು, ಹಿಡಿಯಲ್ಲಿ ಉಳಿದದ್ದನ್ನು ಜೇಬಿಗೆ ಇಳಿಸುತ್ತಿದ್ದ. ಎಣ್ಣೆ ಅಳೆಯುವುದು ಅವನ ಕೆಲಸವೇ ಅಲ್ಲ, ಅವನ ಕೆಲಸ ಚೀಟಿ ಬರೆಯುವುದು. ಇವನು ಬರುವುದು ಕಂಡರೆ ಕೆಲವು ರೈತರು ರಾಶಿಯ ಮೇಲೆ ಟವೆಲ್ ಹಾಸಿಕೊಂಡು ಕೂತುಬಿಡುತ್ತಿದ್ದರು. ಹೀಗೆ ಜೇಬಿನಿಂದ ಇಳಿದು ಇಳಿದು ಮಂಚದ ಕೆಳಗೆ ಅರ್ಧ ಚೀಲ ಕೂಡಿತ್ತು.

ಕೊಡುವ ವಿಷಯಕ್ಕೆ ಬಂದರೆ ಆಸಾಮಿ ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ. ಭರಮಮ್ಮ ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸಿದರೆ, ಆ ಪಾತ್ರೆ ವಾಪಸು ಹೋಗುವಾಗ ಮಂಜಮ್ಮ ಅದರಲ್ಲಿ ಬೆಲ್ಲದ ಒಂದು ಹೆಂಟೆಯನ್ನಾದರೂ ಇಟ್ಟು ಕಳಿಸುವವಳು. ಖಾಲಿ ಪಾತ್ರೆ ಕೊಡಬಾರದೆಂಬುದು ಊರ ನಡಾವಳಿ. ಅವಳಿಲ್ಲದಾಗ ಪಾಲಾಕ್ಷಪ್ಪ ಪಾತ್ರೆಯನ್ನು ಫಳಫಳ ತೊಳೆದು ಕೊಟ್ಟು, ತೊಳೆದು ಕೊಟ್ಟದ್ದೇ ಉಪಕಾರವೆಂಬಂತೆ ನಿಲ್ಲುತ್ತಿದ್ದ. ಒಮ್ಮೆ ಭರಮಮ್ಮ ಅವನ ಎದುರಿಗೇ ಪಾತ್ರೆ ಬೋರಲು ಮಾಡಿ, ತಳಕ್ಕೆ ಎರಡು ಸಲ ಬಡಿದು ನೋಡಿದ್ದಳು. ಅವನಿಗೆ ಅದೂ ನಾಟಿರಲಿಲ್ಲ.

ಆ ಭಾನುವಾರ ಮಂಜಮ್ಮ ಅಕ್ಕನ ಬಸುರಿ ಮಗಳ ಕುಬುಸಕ್ಕೆಂದು ತೆಲಿಗಿಗೆ ಹೊರಟಳು. ರೊಟ್ಟಿ ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ, ಒಲೆಯ ತಂಟೆಗೆ ಹೋಗಬೇಡಿ, ಸಂಜೆ ಬಸ್ಸಿಗೆ ಬರುತ್ತೇನೆ ಅಂತ ಹೇಳಿ ಬಸ್ ಹತ್ತಿದಳು. ಬಸ್ಸಿನ ಧೂಳು ಅಡಗುವ ಮೊದಲೇ ಪಾಲಾಕ್ಷಪ್ಪ ಮನೆ ಸೇರಿ ಬಾಗಿಲ ಅಗುಳಿ ಹಾಕಿದ. ಬದುಕಿನಲ್ಲಿ ಒಂದೇ ಒಂದು ದಿನ, ಒಂದು ಬೋಗುಣಿ ತುಂಬ ಖಾರ ಶೇಂಗಾ, ಯಾರಿಗೂ ಒಂದು ಕಾಳು ಕೊಡದೆ, ತಾನೊಬ್ಬನೇ ಕೂತು ತಿನ್ನಬೇಕು. ಗಂಡಸಿನ ಆಸೆಗಳಲ್ಲಿ ಇದಕ್ಕಿಂತ ಸಣ್ಣದು ಸಿಗುವುದು ಕಷ್ಟ. ಆದರೆ ಅವನಿಗೆ ಇದೇ ದೊಡ್ಡದು.

ಶೇಂಗಾ ಸುಲಿಯುವ ಪಟಪಟ ಸದ್ದು ಪಕ್ಕದ ಮನೆಗೆ ಕೇಳದಿರಲೆಂದು ಟಿವಿಯ ಧ್ವನಿ ಪೂರ್ತಿ ಏರಿಸಿದ. ಭಜನೆಯ ತಾಳಕ್ಕೆ ಸರಿಯಾಗಿ ಕಾಯಿ ಒಡೆದ. ಸುಲಿದು ಮುಗಿದಾಗ ಮೊಣಕಾಲೆತ್ತರ ಸಿಪ್ಪೆ ಬಿದ್ದಿತ್ತು. ಅದನ್ನು ತನ್ನ ಹಿತ್ತಲಲ್ಲಿ ಹಾಕಿದರೆ ಹೆಂಡತಿಗೆ ಗೊತ್ತಾಗುತ್ತದೆ. ಆಚೆ ಈಚೆ ನೋಡಿ, ಗೋಡೆಯ ಮೇಲಿಂದ ಭರಮಮ್ಮನ ಹಿತ್ತಲ ಬೂದಿಗುಂಡಿಗೆ ಸುರಿದು ಕೈ ಝಾಡಿಸಿಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ತಾನು ಯಾರನ್ನೂ ನೋಡಲಿಲ್ಲವಾದ್ದರಿಂದ ತನ್ನನ್ನೂ ಯಾರೂ ನೋಡಲಿಲ್ಲವೆಂದು ಅವನ ಲೆಕ್ಕ.

ಕಿಟಕಿಗಳನ್ನೆಲ್ಲ ಮುಚ್ಚಿ ಹುರಿಯಲು ಕೂತ. ಒಪ್ಪಿಕೊಳ್ಳಬೇಕಾದ ಮಾತೆಂದರೆ, ಹುರಿಯುವುದನ್ನು ಅವನು ಚೆನ್ನಾಗಿಯೇ ಹುರಿದ. ಹೆಂಡತಿಯೊಂದಿಗೆ, ರೈತರೊಂದಿಗೆ ಎಂದೂ ತೋರಿಸದ ತಾಳ್ಮೆಯನ್ನು ಶೇಂಗಾಕ್ಕೆ ತೋರಿಸಿದ. ಸಣ್ಣ ಉರಿಯಲ್ಲಿ ಕಾಳು ಚಿಟಪಟ ಎಂದು, ಮೇಲಿನ ಸಿಪ್ಪೆ ಕಂದು ಬಣ್ಣಕ್ಕೆ ತಿರುಗುವವರೆಗೆ ಕೈಯಾಡಿಸಿ ಇಳಿಸಿಟ್ಟ. ಕೆಲಸ ಕೆಟ್ಟದ್ದು ಒಗ್ಗರಣೆಯಲ್ಲಿ. ಮೊಬೈಲ್ ವಿಡಿಯೋದ ಹೆಂಗಸು ಎಣ್ಣೆ ಹದವಾಗಿ ಕಾಯಲಿ ಅಂದಳು, ಇವನ ಎಣ್ಣೆ ಹೊಗೆಯಾಡುತ್ತಿತ್ತು. ಅವಳು ಎರಡು ಬ್ಯಾಡಗಿ ಮೆಣಸಿನಕಾಯಿ ಅಂದಳು, ಇವನ ಕೈಗೆ ಸಿಕ್ಕಿದ್ದು ಗುಂಟೂರು ಮೆಣಸಿನಕಾಯಿಯ ಡಬ್ಬಿ. ತನ್ನ ಮನೆಯದ್ದು, ತನ್ನ ನಾಲಿಗೆಗೆ, ಕಡಿಮೆ ಯಾಕೆ ಅಂತ ಹಿಡಿ ತುಂಬ ಮುರಿದು ಹಾಕಿದ.

ಘಾಟು ಎದ್ದಿತು. ಮುಚ್ಚಿದ ಅಡಿಗೆಮನೆಯಲ್ಲಿ ಪಾಲಾಕ್ಷಪ್ಪ ಕೆಮ್ಮಿದ, ಸೀನಿದ, ಅತ್ತ. ಆದರೂ ಕುರುಡನಂತೆ ತಡವರಿಸುತ್ತ ಬೆಳ್ಳುಳ್ಳಿ, ಕರಿಬೇವು, ಅರಿಶಿನ, ಉಪ್ಪು ಹಾಕಿ ಕಾಳನ್ನು ಸುರಿದು ಕಲೆಸಿದ ಮೇಲೆಯೇ ಉಸಿರು ತಡೆಯಲಾರದೆ ಕಿಟಕಿ ತೆರೆದದ್ದು. ಇಷ್ಟು ಹೊತ್ತು ಒಳಗೆ ಕೂಡಿಹಾಕಿದ್ದ ಘಾಟು ಒಂದೇ ಏಟಿಗೆ ಓಣಿಗೆ ಇಳಿಯಿತು. ಎದುರುಮನೆಯಲ್ಲಿ ಪೇಪರ್ ಓದುತ್ತಿದ್ದ ಗುರುಮೂರ್ತಿ ಮೇಷ್ಟ್ರು ಸೀನಿದರು. ಮೂಲೆಮನೆಯಲ್ಲಿ ಮಾರೆಮ್ಮ ಕೆಮ್ಮಿದಳು, ಅವಳ ಎಮ್ಮೆಯೂ ಕೆಮ್ಮಿತು.

ಬೋಗುಣಿಗೆ ಸುರಿದು, ಒಂದು ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಅಷ್ಟು ಘಾಟೆದ್ದರೂ ಖಾರ, ಉಪ್ಪು, ಬೆಳ್ಳುಳ್ಳಿ ಎಲ್ಲ ಸರಿಯಾಗಿ ಕೂತಿತ್ತು. ಜನ್ಮ ಸಾರ್ಥಕವಾಯಿತು ಅಂದುಕೊಳ್ಳುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಬಾಗಿಲಲ್ಲಿ ಭರಮಮ್ಮ ನಿಂತಿದ್ದಳು. ಓಣಿಗೇ ಹಿರಿಯಳು. ಯಾರ ಮನೆಯಲ್ಲಿ ಯಾವ ಒಗ್ಗರಣೆ ಬಿತ್ತೆಂದು ಕಟ್ಟೆಯ ಮೇಲೆ ಕೂತು ಮೂಗಿನಿಂದಲೇ ಹೇಳುವವಳು.

"ಏನ್ ಸುಡಾಕತ್ತೀಯಪಾ, ಪಾಲಾಕ್ಷಪ್ಪ? ಓಣಿ ಮಂದಿ ಕೆಮ್ಮಿ ಕೆಮ್ಮಿ ಸಾಯಾಕತ್ತೀವಿ."

ಖರೆ ಹೇಳಿದ್ದರೆ ಒಂದು ಬಟ್ಟಲು ಶೇಂಗಾದಲ್ಲಿ ಕತೆ ಮುಗಿಯುತ್ತಿತ್ತು. ಆದರೆ ಒಂದು ಬಟ್ಟಲು ಕೊಡುವುದಕ್ಕಿಂತ ಒಂದು ಸುಳ್ಳು ಹೇಳುವುದು ಅಗ್ಗವೆಂದು ಅವನಿಗೆ ತೋಚಿತು.

"ಏನಿಲ್ಲ ದೊಡ್ಡವ್ವ. ಯಾಕೋ ಮೈಯಾಗ ಹುಷಾರಿರಲಿಲ್ಲ. ದಿಷ್ಟಿ ತೆಕ್ಕಂಡು ಮೆಣಸಿನಕಾಯಿ ಸುಟ್ಟೆ."

ಭರಮಮ್ಮ ಅವನ ಬೋಳುತಲೆಯಿಂದ ಹಿಡಿದು ತೂತುಬಿದ್ದ ಬನಿಯನ್, ಅದರೊಳಗಿನ ಹೊಟ್ಟೆ, ಕಾಲಿನವರೆಗೆ ನಿಧಾನವಾಗಿ ನೋಡಿ ಕೇಳಿದಳು. "ದಿಷ್ಟಿ? ನಿನಗ?"

ತಪ್ಪಿದ್ದೆಲ್ಲಿ ಅಂತ ಪಾಲಾಕ್ಷಪ್ಪನಿಗೆ ಆಗ ಹೊಳೆಯಿತು. ದೃಷ್ಟಿ ತಗುಲಿದವರಿಗೆ ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರೆ ಘಾಟು ಬರುವುದಿಲ್ಲ, ದೃಷ್ಟಿಯೇ ಇಲ್ಲದಿದ್ದರೆ ಮಾತ್ರ ಘಾಟೆದ್ದು ಕೆಮ್ಮು ಬರುತ್ತದೆ. ಇದು ಮೊಲೆ ಬಿಡದ ಕೂಸಿಗೂ ಗೊತ್ತಿರುವ ಸಂಗತಿ.

"ಇಷ್ಟು ಘಾಟು ಬಂದೈತಿ ಅಂದ್ರ ನಿನಗ ಯಾರ ದಿಷ್ಟಿನೂ ಆಗಿಲ್ಲ ಬಿಡು," ಎಂದಳು ಭರಮಮ್ಮ. "ಹುಟ್ಟಿದಾಗಿಂದ ಆಗಿರಲಿಕ್ಕಿಲ್ಲ."

ಮೊದಲು ಮೂರು ಸಲ ನಿವಾಳಿಸಿ ಹಾಕಿದರೂ ಘಾಟೇ ಬರಲಿಲ್ಲ, ಅಷ್ಟು ಜೋರು ದೃಷ್ಟಿಯಿತ್ತು, ಈಗ ಬಂದದ್ದು ಕೊನೆಯ ಸಲದ್ದು ಎಂದು ಪಾಲಾಕ್ಷಪ್ಪ ತೇಪೆ ಹಚ್ಚಿದ. ಅಷ್ಟರಲ್ಲಿ ಮೂಗಿಗೆ ಟವೆಲ್ ಒತ್ತಿಕೊಂಡು ಗುರುಮೂರ್ತಿ ಮೇಷ್ಟ್ರು ಬಂದರು, ಸೆರಗು ಒತ್ತಿಕೊಂಡು ಮಾರೆಮ್ಮ ಬಂದಳು. ವಿಷಯ ತಿಳಿದು ಇಬ್ಬರೂ ಅವನ ಕಟ್ಟೆಯ ಮೇಲೆಯೇ ಕೂತರು. ಪಾಲಾಕ್ಷಪ್ಪನಿಗೆ ದೃಷ್ಟಿ ತಗುಲುವುದೆಂದರೆ ಕೂತು ಯೋಚಿಸಬೇಕಾದ ವಿಷಯವಲ್ಲವೇ.

ಯಾರ ಕಣ್ಣು ಬಿದ್ದಿರಬಹುದು ಅಂತ ಚರ್ಚೆಯಾಯಿತು. ತಲೆಯ ಮೇಲೆ ಬೀಳಲು ಅಲ್ಲಿ ಕೂದಲಿಲ್ಲ. ಸ್ಕೂಟರಿನ ಮೇಲೆ ಬಿದ್ದಿರಬಹುದೇ ಅಂದರೆ ಅದನ್ನು ದಿನಾ ಬೆಳಿಗ್ಗೆ ಓಣಿಯವರೇ ನೂಕಿ ಚಾಲೂ ಮಾಡಿಕೊಡುತ್ತಿದ್ದರು. ಮನೆಯ ಗೋಡೆ ಸುಣ್ಣ ಕಂಡು ಯಾವ ಕಾಲವಾಗಿತ್ತೋ. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ, ಹೊಟ್ಟೆಕಿಚ್ಚಿಗೂ ಏನಾದರೂ ಒಂದು ಕಾರಣ ಬೇಕಲ್ಲ ಎಂದು ಬೇಸರಪಟ್ಟರು.

ಮಾರೆಮ್ಮ ಮಾತ್ರ ಪ್ರಾಮಾಣಿಕವಾಗಿ ಕನಿಕರಪಟ್ಟಳು. "ಯಾರೋ ನಮ್ಮ ಎಮ್ಮಿ ನೋಡಾಕ ಹೋಗಿ, ತಪ್ಪಿ ಅಣ್ಣಾರನ್ನ ನೋಡಿರಬೇಕು."

ಪಾಲಾಕ್ಷಪ್ಪ ಬಾಗಿಲಿಗೆ ಅಡ್ಡ ನಿಂತು ಎಲ್ಲವನ್ನೂ ನುಂಗಿಕೊಂಡ. ಇವರು ಎದ್ದು ಹೋದರೆ ಸಾಕು, ಎಮ್ಮೆಗಿಂತ ಕಡೆ ಅಂದರೂ ಆದೀತು. ಒಳಗೆ ಬೋಗುಣಿ ಆರುತ್ತಿತ್ತು.

ಆದರೆ ಮಾರೆಮ್ಮ ಏಳಲಿಲ್ಲ. ಗಾಳಿಯನ್ನು ಮೂಸಿ, ಬೆಳ್ಳುಳ್ಳಿಯ ವಾಸನೆ ಅಂದಳು. ತನ್ನ ತಾಯಿಯ ತವರು ಮೈಲಾರದ ಕಡೆ, ಅಲ್ಲಿ ದೃಷ್ಟಿಗೆ ಬೆಳ್ಳುಳ್ಳಿಯನ್ನೂ ಹಾಕುತ್ತಾರೆ ಅಂದ ಪಾಲಾಕ್ಷಪ್ಪ. ಕರಿಬೇವನ್ನೂ ಹಾಕುತ್ತಾರೆಯೇ ಅಂದಳು. ಹೂಂ, ಅದನ್ನೂ.

ಭರಮಮ್ಮ ಅವನ ಮೀಸೆಯ ಕಡೆ ನೋಡುತ್ತಿದ್ದಳು. ಅಲ್ಲಿ ಹುರಿದ ಶೇಂಗಾದ ಒಂದು ತೆಳು ಸಿಪ್ಪೆ ಅಂಟಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು.

"ಶೇಂಗಾ?" ಎಂದಳು.

ಪಾಲಾಕ್ಷಪ್ಪ ಮೀಸೆ ಒರೆಸಿಕೊಂಡ. ಹೆಗಲು ಮುಟ್ಟಿಕೊಂಡ ಕುಂಬಳಕಾಯಿ ಕಳ್ಳನಿಗೂ ಇಷ್ಟು ಅವಸರವಿರಲಿಲ್ಲ. "ಶೇಂಗಾನೂ ನಿವಾಳಿಸ್ತಾರ ದೊಡ್ಡವ್ವ. ಮೈಲಾರದ ಕಡಿ ಪದ್ಧತಿ."

ಮೇಷ್ಟ್ರು ಮೈಲಾರದಲ್ಲೇ ಬಹಳ ವರ್ಷ ನೌಕರಿ ಮಾಡಿದವರು. ಇಂಥ ಪದ್ಧತಿ ಕೇಳಿಲ್ಲ ಅಂತ ಬಾಯಿ ತೆರೆದರು. ಭರಮಮ್ಮ ಅವರ ಕಡೆ ಒಮ್ಮೆ ಕಣ್ಣು ತಿರುಗಿಸಿ, ಒಂದೊಂದು ಮನೆಗೆ ಒಂದೊಂದು ಪದ್ಧತಿ ಇರುತ್ತದೆ, ಸುಮ್ಮನಿರಿ ಎಂದಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು, "ಮತ್ತ ನಿವಾಳಿಸಿದ ಶೇಂಗಾ ಎಲ್ಲಿ ಅದಾವಪಾ?"

"ಒಳಗ..." ಎಂದು ಬಾಯಿ ಜಾರಿತು.

ಭರಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ನಿವಾಳಿಸಿದ್ದನ್ನು ಮನೆಯೊಳಗೆ ಇಟ್ಟುಕೊಳ್ಳುವುದುಂಟೇ? ಕುಬುಸಕ್ಕೆ ಹೋದ ಹೆಣ್ಣುಮಗಳು ಸಂಜೆ ಮುತ್ತೈದೆಯರ ಕೈಯಿಂದ ಅರಿಶಿನ ಕುಂಕುಮ ಇಟ್ಟುಕೊಂಡು ಬಂದು ಅದನ್ನು ದಾಟಿದರೆ ಗತಿಯೇನು? ಈಗಿಂದೀಗ ಮೂರು ದಾರಿ ಕೂಡುವಲ್ಲಿ ಇಟ್ಟು ಬರಬೇಕು ಅಂದಳು. ಸಂಜೆ ತಾನೇ ಒಯ್ದು ಎಸೆಯುತ್ತೇನೆ ಅಂತ ಪಾಲಾಕ್ಷಪ್ಪ ಗೋಗರೆದ. ದೃಷ್ಟಿ ಆದವನೇ ಅದನ್ನು ಹೊತ್ತರೆ ಅದು ತಿರುಗಿ ಹೆಗಲೇರುತ್ತದೆ ಅಂತ ಹೇಳಿ, ಮುದುಕಿ ಅವನ ತೋಳಿನಡಿಯಿಂದ ನುಸುಳಿ ಒಳಗೆ ಹೋಗಿಯೇಬಿಟ್ಟಳು.

ಬೋಗುಣಿ ಹೊರಗೆ ಬಂತು. ಕೆಂಪಗೆ ಹೊಳೆಯುವ ಕಾಳು, ನಡುನಡುವೆ ಗರಿಗರಿಯಾದ ಕರಿಬೇವು, ಹೊಂಬಣ್ಣಕ್ಕೆ ತಿರುಗಿದ ಬೆಳ್ಳುಳ್ಳಿ, ಮೇಲೆ ಇನ್ನೂ ಆಡುತ್ತಿದ್ದ ಬಿಸಿ. ಎಲ್ಲರ ಕಣ್ಣೂ ಅದರ ಮೇಲೆಯೇ ನೆಟ್ಟಿದ್ದವು. ಮೇಷ್ಟ್ರ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು.

ಇಷ್ಟೊಂದು ನಿವಾಳಿಸಿದ್ದೇ ಎಂದು ಭರಮಮ್ಮ ಕೇಳಿದ್ದಕ್ಕೆ, ದೃಷ್ಟಿ ಬಹಳ ಇತ್ತು ಎಂದು ಪಾಲಾಕ್ಷಪ್ಪ ಅಳುದನಿಯಲ್ಲಿ ಹೇಳಿದ. ಬಿಸಿ ತುಪ್ಪ ಬಾಯಿಗೆ ಬಿದ್ದವನ ಸ್ಥಿತಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಭರಮಮ್ಮ ಎಲ್ಲ ಜವಾಬ್ದಾರಿ ತನ್ನ ಮೇಲೆ ಹಾಕಿಕೊಂಡಳು. ತನ್ನ ಮನೆಯಲ್ಲಿ ಹಳೇ ಬಟ್ಟೆಗೆ ಸುರಿದು, ಉಪ್ಪು ಬೇವಿನೆಲೆ ಇಟ್ಟು ಗಂಟು ಕಟ್ಟುತ್ತಾಳೆ, ಮಾರೆಮ್ಮ ಒಯ್ದು ಇಟ್ಟು ಬರುತ್ತಾಳೆ, ಬೋಗುಣಿಯನ್ನು ಅರಿಶಿನದ ನೀರಲ್ಲಿ ತೊಳೆದು ಸಂಜೆಗೆ ವಾಪಸು ಕೊಡುತ್ತಾಳೆ. ಅದು ಮನೆ ಬಿಟ್ಟು ಹೋಗುವಾಗ ಅವನು ನೋಡಕೂಡದು. ಹೀಗೆ ಪಾಲಾಕ್ಷಪ್ಪ ತನ್ನದೇ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತ. ಹಿಂದಿನಿಂದ ಅವನ ಶೇಂಗಾ ಹೊರಟುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಸ್ವಲ್ಪ ಹೊತ್ತಿಗೆ ಮಾರೆಮ್ಮ ಗಂಟೊಂದನ್ನು ತಲೆಯ ಮೇಲಿಟ್ಟುಕೊಂಡು, ಹಿಂದೆ ನೋಡದೆ, ಯಾರನ್ನೂ ಮಾತಾಡಿಸದೆ ಹೋಗುವುದು ಕಿಟಕಿಯಿಂದ ಕಂಡಿತು. ಗಂಟು ದಪ್ಪಗಿತ್ತು. ಅದನ್ನು ನೋಡಿದ ಕೂಡಲೇ ಪಾಲಾಕ್ಷಪ್ಪನ ತಲೆಯಲ್ಲಿ ಬೆಳಕಾಯಿತು. ಮೂರು ದಾರಿ ಕೂಡುವಲ್ಲಿ ಬಿದ್ದ ದೃಷ್ಟಿಯ ಗಂಟನ್ನು ಈ ಊರಲ್ಲಿ ಯಾರು ಮುಟ್ಟುತ್ತಾರೆ? ಕಳ್ಳನೂ ಮುಟ್ಟುವುದಿಲ್ಲ. ಬ್ಯಾಂಕಿನ ಲಾಕರಿನಲ್ಲಿ ಇಟ್ಟಂತೆ. ಹೋಗಿ ಎತ್ತಿಕೊಂಡರಾಯಿತು. ಅವನಿಗೆ ನಗು ಬಂತು, ಓಣಿಯ ದಡ್ಡತನಕ್ಕೆ ಮರುಕವೂ ಬಂತು.

ಅಂಗಿ ತೊಟ್ಟು, ಕೈಚೀಲ ಹಿಡಿದು ಹೋದ. ಗಂಟು ದಾರಿಯ ನಡುವೆ ಕೂತಿತ್ತು, ಮೇಲೊಂದು ನಿಂಬೆಹಣ್ಣು. ಆದರೆ ಅಲ್ಲೇ ಚಹಾದಂಗಡಿ, ಅದರ ಮುಂದೆ ಆಟೋ ನಿಲ್ಲಿಸಿಕೊಂಡು ಚೌಡಣ್ಣ ಕೂತಿದ್ದ. ಪಾಲಾಕ್ಷಪ್ಪ ಬೇರೆ ದಾರಿಯಿಲ್ಲದೆ ಬೆಂಚಿನ ಮೇಲೆ ಕೂತು ಚಹಾ ಕುಡಿದ, ಅದೂ ತನ್ನದೇ ದುಡ್ಡಿನಲ್ಲಿ.

"ಅಣ್ಣಾ, ಆ ಗಂಟಿನ ಕಡಿ ಹೋಗಬ್ಯಾಡ್ರಿ," ಎಂದ ಚೌಡಣ್ಣ. "ಯಾವನೋ ದರಿದ್ರದವನ ದಿಷ್ಟಿಯಂತ."

ದರಿದ್ರದವನು ಹೌದೌದು ಎಂದು ತಲೆಯಾಡಿಸಿದ. ಬೈಕುಗಳು ಸುತ್ತುಹಾಕಿ ಹೋದವು. ಮೈಯೆಲ್ಲ ಮಣ್ಣಾದ ಒಂದು ನಾಯಿ ಬಂದು ಗಂಟನ್ನು ಮೂಸಿತು. ಪಾಲಾಕ್ಷಪ್ಪನ ಜೀವ ಬಾಯಿಗೆ ಬಂತು. ನಾಯಿ ಮೂಸಿ, ಸೀನಿ, ಬೇಡವೆಂದು ಹೋಯಿತು. ಬೇರೆ ಯಾರಾದರೂ ಆಗಿದ್ದರೆ, ನಾಯಿಗೂ ಬೇಡವಾದದ್ದರೊಳಗೆ ಏನಿದ್ದೀತು ಅಂತ ಯೋಚಿಸುತ್ತಿದ್ದರು. ಇವನು ನಾಯಿಯೂ ದೃಷ್ಟಿಗೆ ಹೆದರುತ್ತದೆಂದು ಖುಷಿಪಟ್ಟ.

ಹೊತ್ತು ಮುಳುಗುವ ಹೊತ್ತಿಗೆ ಚೌಡಣ್ಣ ಬಸ್ ಸ್ಟ್ಯಾಂಡಿಗೆ ಹೋದ, ಚಹಾದಂಗಡಿಯವನು ಒಳಗೆ ಪಾತ್ರೆ ತೊಳೆಯುತ್ತಿದ್ದ. ಪಾಲಾಕ್ಷಪ್ಪ ಓಡಿದ. ನಿಂಬೆಹಣ್ಣನ್ನು ಒದ್ದು, ಗಂಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮನೆಯವರೆಗೂ ತಡೆಯಲಾರದೆ, ಒಂದು ಹಿಡಿ ಈಗಲೇ ಅಂತ ಗಂಟು ಬಿಚ್ಚಿ ಕೈ ಹಾಕಿದ.

ಕೈಗೆ ಬಂದದ್ದು ಸಿಪ್ಪೆ. ಇನ್ನೂ ಆಳಕ್ಕೆ ಹಾಕಿದ, ಸಿಪ್ಪೆ. ಬೂದಿ ಮೆತ್ತಿದ ಶೇಂಗಾ ಸಿಪ್ಪೆ, ಬೆಳಿಗ್ಗೆ ಭರಮಮ್ಮನ ಬೂದಿಗುಂಡಿಗೆ ಗೋಡೆಯ ಮೇಲಿಂದ ತಾನೇ ಸುರಿದದ್ದು.

ಅದೇ ಹೊತ್ತಿಗೆ ಆಟೋದ ದೀಪ ಅವನ ಮುಖಕ್ಕೆ ಹೊಡೆಯಿತು. ಯಾರೋ ದೃಷ್ಟಿಯ ಗಂಟು ಬಿಚ್ಚುತ್ತಿದ್ದಾನೆ, ನೋಡಬೇಡಿ ಅಕ್ಕಾ ಎಂದು ಚೌಡಣ್ಣ ಹೇಳುವುದು ಕೇಳಿತು.

"ಯಾರೋ ಅಲ್ಲ," ಎಂದಳು ಒಳಗೆ ಕೂತಿದ್ದ ಮಂಜಮ್ಮ. "ನಮ್ಮನಿಯವರು."

ಅವನನ್ನೂ ಹತ್ತಿಸಿಕೊಂಡು ಆಟೋ ಮನೆಯ ಕಡೆ ಹೊರಟಿತು. ಬೂದಿ ಹತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಇಂಗು ತಿಂದ ಮಂಗನಂತೆ ಕೂತಿದ್ದ. ಆಟೋ ನಿಂತಾಗ ಭರಮಮ್ಮನ ಕಟ್ಟೆಯ ಮೇಲೆ ಓಣಿಯೇ ನೆರೆದಿತ್ತು. ಮೇಷ್ಟ್ರು ಮುಂದೆ ಪೇಪರ್ ಹಾಸಿಕೊಂಡು ಕೂತಿದ್ದರು. ಪೇಪರಿನ ಮೇಲೆ ಕೆಂಪಗೆ ಹೊಳೆಯುವ ಕಾಳು. ಮಾರೆಮ್ಮನ ಒಂದು ಕೆನ್ನೆ ಉಬ್ಬಿತ್ತು. ಕಟುಂ ಕುಟುಂ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಭರಮಮ್ಮ ಮಂಜಮ್ಮನನ್ನು ಕರೆದು ಬೋಗುಣಿ ಕೈಗಿಟ್ಟಳು. ತೊಳೆದು ಫಳಫಳ ಹೊಳೆಯುತ್ತಿತ್ತು, ತಳದಲ್ಲಿ ಒಂದು ಹಿಡಿ ಖಾರ ಶೇಂಗಾ.

"ತಗಾರವ್ವ ನಿಮ್ಮ ಬೋಗುಣಿ. ಖಾಲಿ ಕೊಡೋ ಪದ್ಧತಿ ನಮ್ಮ ಕಡಿ ಇಲ್ಲ."

ಮಂಜಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಇಷ್ಟು ಹದವಾಗಿ ಯಾರು ಮಾಡಿದ್ದು ಅಂತ ಬೆರಗಾದಳು. ಪಾಲಾಕ್ಷಪ್ಪನ ಬಾಯಿ ತೆರೆಯಿತು. ನಾನು ಅಂದರೆ ಮಂಚದ ಕೆಳಗಿನ ಚೀಲ ಹೊರಗೆ ಬರುತ್ತದೆ, ಗೋಡೆಯಾಚೆ ಸುರಿದ ಸಿಪ್ಪೆ ಬರುತ್ತದೆ, ಮೈಲಾರದ ಪದ್ಧತಿ ಬರುತ್ತದೆ. ಬಾಯಿ ಮುಚ್ಚಿಕೊಂಡಿತು. ಅವನು ಜೀವಮಾನದಲ್ಲಿ ಚೆನ್ನಾಗಿ ಮಾಡಿದ ಒಂದೇ ಕೆಲಸವೂ ಹೀಗೆ ಬೇರೆಯವರ ಹೆಸರಿಗೆ ಹೋಯಿತು.

ಭರಮಮ್ಮ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ, ಹಲ್ಲಿನ ಸಂದಿಯಲ್ಲಿ ಮಾತ್ರ ಕರಿಬೇವಿನ ಚೂರೊಂದು ಸಿಕ್ಕಿಕೊಂಡಿತ್ತು.

"ನೀ ಹೇಳಿದ್ದು ಖರೇ ಐತಿ, ಪಾಲಾಕ್ಷಪ್ಪ. ದಿಷ್ಟಿ ಆಗಿತ್ತು. ನಿನಗಲ್ಲಪಾ, ಶೇಂಗಾಕ್ಕ."

ಅಷ್ಟರಲ್ಲಿ ಮಂಜಮ್ಮನಿಗೆ ಆಟೋದವನ ನೆನಪಾಯಿತು. ಪಾಪ, ಕತ್ತಲಲ್ಲಿ ಮನೆಯವರೆಗೆ ತಂದು ಬಿಟ್ಟವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಚೌಡಣ್ಣನನ್ನು ಕೂಗಿ, ಬೋಗುಣಿಯಲ್ಲಿ ಉಳಿದದ್ದನ್ನು ಅವನ ಬೊಗಸೆಗೆ ಸುರಿದು, ಖಾಲಿಯಾದದ್ದನ್ನು ಗಂಡನ ಕೈಗೆ ಕೊಟ್ಟಳು. ಪಾಲಾಕ್ಷಪ್ಪ ಬೀದಿದೀಪದ ಬೆಳಕಿಗೆ ಅದನ್ನು ಓರೆ ಮಾಡಿ ನೋಡಿದ. ತಳದಲ್ಲಿ ಒಂದು ಕರಿಬೇವಿನ ಎಲೆ ಇತ್ತು.